ವರ್ಷದೊಳಗಿನ ಬೆಟ್ಟ

ಎಂಟನೆಯ ಮಾಸಿಕದ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ನಾಗಮಣಿ ಸುದ್ದಿ ಹೇಳಿಯೇಬಿಟ್ಟರು. ಮುಂದಿನ ವಾರ ಮೊರಾಕ್ಕೊಗೆ ಹೊರಟಿದ್ದಾರೆ. ಶೆಫ್‌ಶಾವೆನ್ ಅಂತ ಬೆಟ್ಟದ ಊರು. ಐನೂರು ವರ್ಷ ಹಳೆಯದು. ಗೋಡೆ, ಬಾಗಿಲು, ಮೆಟ್ಟಿಲು ಎಲ್ಲ ನೀಲಿ. ಟಿಕೆಟ್ ಆಗಿದೆ.

ಸೊಸೆ ಹರ್ಷಿಣಿಯ ಕೈಯಲ್ಲಿ ಸೌಟು ಹಾಗೇ ನಿಂತಿತು. ಮಗ ಸುಮುಖ ಉತ್ತರೀಯ ಕೊಡವಿಕೊಂಡು ಎದ್ದ.

"ಬೆಟ್ಟಕ್ಕಾ? ಅಪ್ಪ ಹೋಗಿ ವರ್ಷ ತುಂಬಿಲ್ಲ. ವರ್ಷದೊಳಗೆ ಬೆಟ್ಟ ಹತ್ತಬಾರದು ಅಂತ ನಿಂಗೆ ನಾನು ಹೇಳ್ಕೊಡ್ಬೇಕಾ ಅಮ್ಮಾ?"

ಅಬ್ಬಬ್ಬಾ, ಏನು ಶಾಸ್ತ್ರಜ್ಞಾನ! ಟೆಕ್ಸಾಸಿನ ಪ್ರಾಸ್ಪರ್ ಎಂಬ ಊರಿನ ತನ್ನ ಈ ಅರಮನೆಯಂಥ ಮನೆಯಲ್ಲಿ ದೀಪದ ಬತ್ತಿ ಯಾವ ಡ್ರಾಯರಿನಲ್ಲಿದೆ ಎಂದು ತಿಳಿಯದ ಮಹಾನುಭಾವ ಇವನು.

"ಜನವರೀಲಿ ಕೊಲೊರಾಡೊಗೆ ಹೋಗಿ ಸ್ಕೀ ಮಾಡ್ಕೊಂಡು ಬಂದ್ಯಲ್ಲ, ಅದೇನು ಬಯಲಾ?"

"ಅದು ಆಫೀಸ್ ಟ್ರಿಪ್ ಅಮ್ಮಾ."

"ಆಫೀಸಿನೋರು ಕರ್ಕೊಂಡು ಹೋದ್ರೆ ಬೆಟ್ಟ ತಗ್ಗಾಗ್ಬಿಡತ್ತಾ?"

"ಶಾಸ್ತ್ರಿಗಳನ್ನೇ ಕೇಳೋಣ ಬಿಡು" ಎಂದ ಸುಮುಖ, ಗೆದ್ದೇಬಿಟ್ಟವನ ಧಾಟಿಯಲ್ಲಿ. ಪಕ್ಕದ ಊರು ಫ್ರಿಸ್ಕೋದಿಂದ ಡ್ರೈವ್ ಮಾಡಿಕೊಂಡು ಬಂದಿದ್ದ ಶಾಸ್ತ್ರಿಗಳು ತಾಯಿಯನ್ನು ನೋಡಿದರು, ಮಗನನ್ನು ನೋಡಿದರು, ಎಲೆಯ ಮೇಲಿನ ವಡೆಯನ್ನೂ ನೋಡಿದರು. ಪಾಪ, ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಅದು ಮುಖ್ಯವಾಗಿ ಕರ್ತೃಗಳಿಗೆ ಹೇಳಿರೋದು. ಅಂದ್ರೆ, ಕರ್ಮ ಮಾಡ್ತಿರೋ ನಿಮಗೆ."

ಹರ್ಷಿಣಿ ಕೆಮ್ಮು ಬಂದವಳಂತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

ಶಾಸ್ತ್ರಿಗಳ ಕಾರು ತಿರುವು ದಾಟಿದ ಮೇಲೆ ಸುಮುಖ ಒಳಗಿದ್ದದ್ದನ್ನು ಕಕ್ಕಿದ. "ಜನ ಏನಂತಾರೆ ಗೊತ್ತಾ? ಗಂಡ ಹೋಗಿ ಎಂಟು ತಿಂಗಳಾಗಿಲ್ಲ, ಫೋಟೋ ತೆಗೆಸ್ಕೊಳ್ಳೋಕೆ ಹೊರಟ್ಲು, ಅವಳಿಗೆ ದುಃಖವೇ ಇರಲಿಲ್ಲ ಅಂತಾರೆ."

ಆ ಮಾತು ನಾಟಿತು. ಗಂಡ ಮೋಹನರಾಜರಿಗೆ ಕೈಕಾಲು ನಡುಕದ ರೋಗ ಹಿಡಿದು ಹ್ಯೂಸ್ಟನ್ನಿನ ಕೆಲಸ ಬಿಡಿಸಿದಾಗ, ಮಕ್ಕಳ ಡಾಕ್ಟರಾಗಿ ತಾವು ನಡೆಸುತ್ತಿದ್ದ ಕ್ಲಿನಿಕ್ಕಿಗೂ ಬೀಗ ಹಾಕಿ, ಮಗನ ಮನೆಗೆ ಹತ್ತಿರದ ಅಲೆನ್‌ಗೆ ಶಿಫ್ಟ್ ಆದವರು ನಾಗಮಣಿ. ಹನ್ನೊಂದು ವರ್ಷ ಆ ಮನುಷ್ಯನಿಗೆ ತುತ್ತು ತಿನ್ನಿಸಿ, ಸ್ನಾನ ಮಾಡಿಸಿ, ಎತ್ತಿ ಕೂರಿಸಿದ ಕೈ ಅವರದು. ಊರಿನವರು ಯಾರೂ ಒಂದು ದಿನ ಬಂದು ಎತ್ತಿರಲಿಲ್ಲ.

"ಅನ್ನೋರು ಅನ್ಕೊಳ್ಳಲಿ. ನನ್ನ ದುಃಖಕ್ಕೆ ಅವ್ರ ಸರ್ಟಿಫಿಕೇಟ್ ಬೇಕಿಲ್ಲ. ನಿಂದೂ ಬೇಕಿಲ್ಲ" ಎಂದು ಕಾರಿನ ಕೀ ತೆಗೆದುಕೊಂಡು ಹೊರಟೇಬಿಟ್ಟರು.

ಶೆಫ್‌ಶಾವೆನ್ನಿನಲ್ಲಿ ಮೂರನೆಯ ದಿನ. ಊರಾಚೆಯ ಗುಡ್ಡದ ಮೇಲೆ ಬಿಳಿ ಮಸೀದಿಯೊಂದಿದೆ, ಅಲ್ಲಿಂದ ಇಡೀ ಊರು ಕಾಣುತ್ತದೆ. ನಾಗಮಣಿ ಮಂಡಿ ಹಿಡಿದುಕೊಂಡು ನಡೆಯುವುದನ್ನು ಕಂಡ ಗೈಡ್, ಮೇಡಂ ಕೆಳಗೇ ಪುದೀನ ಚಹಾ ಕುಡಿಯುತ್ತ ಕೂರಬಹುದು ಎಂದ. ಅವನಿಗೇನು ಗೊತ್ತು, ಟೆಕ್ಸಾಸಿನಿಂದ ಜಗಳ ಹೊತ್ತುಕೊಂಡು ಬಂದ ಹೆಂಗಸು ಎಂದು! ಹೊಳೆಯಲ್ಲಿ ಕಂಬಳಿ ಒಗೆಯುತ್ತಿದ್ದ ಹೆಂಗಸರನ್ನು ದಾಟಿ, ಕಲ್ಲಿನ ದಾರಿಯಲ್ಲಿ ಹತ್ತು ಹೆಜ್ಜೆಗೊಮ್ಮೆ ನಿಂತು, ಮಂಡಿಯನ್ನು ಬಯ್ದು, ನಾಗಮಣಿ ಹತ್ತಿದರು. ಸಂಜೆ ಬಿಸಿಲಿಗೆ ಕೆಳಗಿನ ನೀಲಿ ಊರು ತಣ್ಣಗೆ ಮಲಗಿತ್ತು. ಒಂದು ಫೋಟೋ ತೆಗೆದು, ಮೈಸೂರಿನ ನಾದಿನಿಯರೆಲ್ಲ ಇರುವ ಮನೆಯ ವಾಟ್ಸಾಪ್ ಗ್ರೂಪಿಗೇ ಹಾಕಿದರು.

ಆಮೇಲೆ ಕಲ್ಲುಕಟ್ಟೆಯ ಮೇಲೆ ಕೂತರು. ಗಂಡನ ಮಾತ್ರೆಗೆ ಹೊತ್ತಾಯಿತೆಂದು ಕೈ ಚೀಲಕ್ಕೆ ಹೋಯಿತು. ಮಾತ್ರೆ ನುಂಗುವವರೇ ಇಲ್ಲವೆಂದು ಮರುಕ್ಷಣ ನೆನಪಾಯಿತು. ಎಂಟು ತಿಂಗಳಿಂದ ಬರೀ ಬಂದವರಿಗೆ ಕಾಫಿ, ಬ್ಯಾಂಕಿನ ಫಾರ್ಮು, ಮಾಸಿಕದ ಅಡುಗೆ. ಅಳುವುದಕ್ಕೆ ಪುರುಸೊತ್ತೇ ಆಗಿರಲಿಲ್ಲ. ಈಗ ಅಳು ಎದ್ದು ಬಂತು.

ಫೋನು ಬಡಿದುಕೊಂಡಿತು. ಸುಮುಖನ ವಿಡಿಯೋ ಕಾಲ್. ಬಯ್ಯಲೆಂದೇ ಬಾಯಿ ತೆರೆದವನು ತಾಯಿಯ ಮುಖ ಕಂಡು ಬೆಚ್ಚಿಬಿದ್ದ.

"ಅಮ್ಮಾ! ಏನಾಯ್ತು? ಅದಕ್ಕೇ ಬೇಡ ಅಂದಿದ್ದು. ಇಳಿದು ಬಾ ಅಮ್ಮಾ, ಮೊದ್ಲು ಇಳಿದು ಬಾ."

ನಾಗಮಣಿ ಮೂಗನ್ನು ಸೆರಗಿನಿಂದ ಒರೆಸಿಕೊಂಡರು. ಕಣ್ಣನ್ನು ಒರೆಸಲಿಲ್ಲ.

"ನಿಮ್ಮಪ್ಪಂಗೋಸ್ಕರ ಅಳ್ತಿದೀನಿ ಕಣೋ. ಮುಗಿಸ್ಕೊಂಡು ಇಳೀತೀನಿ. ಫೋನ್ ಇಡು."