ಮರೆತವನ ಹಕ್ಕು

ನಮ್ಮ ಕಾನೂನು ಕಾಲೇಜಿನ ಪತ್ರಿಕೆಯನ್ನು ನಡೆಸುವವರು ವಿದ್ಯಾರ್ಥಿಗಳು. ದೊಡ್ಡ ದೊಡ್ಡ ವಕೀಲರು, ಪ್ರೊಫೆಸರುಗಳು, ನಿವೃತ್ತ ನ್ಯಾಯಾಧೀಶರು ಲೇಖನ ಬರೆದು ಕಳಿಸುತ್ತಾರೆ; ಮೀಸೆ ಸರಿಯಾಗಿ ಚಿಗುರದ ಹುಡುಗರು ಅದನ್ನೋದಿ ‘ಆಗುತ್ತೆ’, ‘ಆಗಲ್ಲ’ ಅನ್ನುತ್ತಾರೆ. ನಮ್ಮ ಕಚೇರಿಯೆಂದರೆ ಲೈಬ್ರರಿಯ ಹಿಂದಿನ ಒಂದು ಕೋಣೆ. ಅಲ್ಲಿನ ಒಂದು ಕುರ್ಚಿಗೆ ಮೂರೇ ಕಾಲು, ನಾಲ್ಕನೆಯದರ ಜಾಗದಲ್ಲಿ ಹಳೆಯ ತೀರ್ಪುಗಳ ದಪ್ಪ ಸಂಪುಟ. ಪತ್ರಿಕೆಯ ಮುಖಪುಟಕ್ಕೆ ಮಾತ್ರ ಚಿನ್ನದ ಬಣ್ಣದ ಅಕ್ಷರ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ನಾನು ಸಂಪಾದಕಿಯಾದ ದಿನವೇ ಹೇಳಿ ಎಲ್ಲರ ಕೈಲಿ ಬೈಸಿಕೊಂಡಿದ್ದೆ.

ಪತ್ರಿಕೆ ಹುಟ್ಟುಹಾಕಿದವರು ಇಲ್ಲೇ ಪಾಠ ಹೇಳುತ್ತಿದ್ದ ನಮ್ಮ ಮೇಷ್ಟ್ರು. ಅದಕ್ಕೊಂದು ಕಟ್ಟುಪಾಡು ಮಾಡಿಟ್ಟವರೂ ಅವರೇ. ಲೇಖನ ಬಂದ ಕೂಡಲೇ ಲೈಬ್ರರಿಯನ್ ಮೇಡಂ ಅದರಿಂದ ಬರೆದವರ ಹೆಸರು ತೆಗೆದು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ನಮ್ಮ ಕೈಗೆ ಬರುವುದು ಹೆಸರಿಲ್ಲದ ಹಾಳೆ. ಬರೆದವನು ಮಂತ್ರಿಯೋ, ಮೊನ್ನೆ ಪಾಸಾದ ಹುಡುಗನೋ ನಮಗೆ ಗೊತ್ತಾಗಬಾರದು. “ಮುಖ ನೋಡಿ ಮಣೆ ಹಾಕೋದಾದ್ರೆ ಪತ್ರಿಕೆ ಯಾಕ್ರಯ್ಯಾ, ಮದುವೆಮನೆ ಸಾಕಲ್ಲ” ಅನ್ನುತ್ತಿದ್ದರು ಮೇಷ್ಟ್ರು. ಪ್ರತಿ ಲೇಖನವನ್ನೂ ಇಬ್ಬರು ಓದಬೇಕು. ಒಬ್ಬರು ಹೂಂ, ಒಬ್ಬರು ಊಹೂಂ ಅಂದರೆ ಅದು ಹಿರಿಯ ಓದುಗರೊಬ್ಬರ ಬಳಿಗೆ ಹೋಗುತ್ತದೆ. ಅವರು ಹೇಳಿದ್ದೇ ಕಡೆಯ ಮಾತು. ನಿವೃತ್ತರಾದ ಮೇಲೆ ಆ ಹಿರಿಯ ಓದುಗರು ಮೇಷ್ಟ್ರೇ.

ಈ ಸಲದ ಸಂಚಿಕೆಯ ಕೆಲಸ ಶುರುವಾಗುವ ಮುಂಚೆ ಔಷಧಿ ಅಂಗಡಿಯ ಸಾಲಿನಲ್ಲಿ ಮೇಷ್ಟ್ರ ಹೆಂಡತಿ ಸಿಕ್ಕರು. ನಾವೆಲ್ಲ ಅವರನ್ನು ಅಮ್ಮ ಅಂತಲೇ ಕರೆಯುವುದು.

“ಸರ್ ಹೇಗಿದ್ದಾರಮ್ಮ?”

“ಇದ್ದಾರೆ. ನಿನ್ನೆ ನನ್ನನ್ನೇ ಕೇಳಿದ್ರು, ‘ನೀವು ಯಾವಾಗಿಂದ ಈ ಮನೇಲಿ ಕೆಲಸಕ್ಕಿದ್ದೀರಿ’ ಅಂತ. ಮದುವೆಯಾದಾಗಿಂದ ಅಂದೆ.” ಹೇಳಿ ನಕ್ಕರು. ನನಗೆ ನಗು ಬರಲಿಲ್ಲ. ಅವರ ನಗುವೂ ಬೇಗ ನಿಂತುಹೋಯಿತು.

“ಒಂದೊಂದು ಹೊತ್ತು ಚೆನ್ನಾಗೇ ಇರ್ತಾರೆ ಕಣಮ್ಮ. ಕಾನೂನೆಲ್ಲ ನೆನಪಿದೆ, ಮನೆಯವರೇ ಮರೆತು ಹೋಗ್ತಿದ್ದೀವಿ. ಏನೋ ಬರೀತಾ ಇದ್ದಾರೆ, ನಾನು ಟೈಪ್ ಮಾಡ್ತಾ ಇದ್ದೀನಿ. ಅದು ಅಚ್ಚಾಗಿ, ಅವರ ಹೆಸರನ್ನ ಅವರೇ ಒಂದ್ಸಲ ನೋಡ್ಕೊಂಡ್ರೆ ನಂಗಷ್ಟೇ ಸಾಕು. ತಡವಾದ್ರೆ ಹೆಸರು ನೋಡಿ, ‘ಇವರ್ಯಾರೇ?’ ಅಂತ ಕೇಳ್ತಾರೆ.” ಔಷಧಿಯ ಚೀಟಿಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು. “ಕಾಲೇಜಲ್ಲಿ ಯಾರಿಗೂ ಹೇಳ್ಬೇಡ. ಅಷ್ಟು ಗತ್ತಾಗಿ ಬದುಕಿದೋರನ್ನ ಜನ ಅಯ್ಯೋ ಪಾಪ ಅನ್ನೋದು ಬೇಡ.”

ಹೇಳುವುದಿಲ್ಲ ಅಂತ ಮಾತು ಕೊಟ್ಟೆ. ಲೇಖನ ಯಾವ ಪತ್ರಿಕೆಗೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಇಬ್ಬರೂ ಮೇಷ್ಟ್ರ ಕೈಯಲ್ಲಿ ಪಳಗಿದವರು.

ಆಮೇಲೆ ಒಂದು ದಿನ ಹೆಸರಿಲ್ಲದ ಹಾಳೆಗಳ ಕಟ್ಟೊಂದು ನನ್ನ ಮೇಜಿಗೆ ಬಂತು. ‘ಮರೆತವನ ಹಕ್ಕು’ ಅಂತ ತಲೆಬರಹ. ಒಬ್ಬ ತನ್ನ ವಸ್ತುವನ್ನು ಬೇರೆಯವರ ಹತ್ತಿರ ಬಿಟ್ಟು, ಕಾನೂನು ಹೇಳಿದಷ್ಟು ವರ್ಷದೊಳಗೆ ವಾಪಸ್ ಕೇಳದಿದ್ದರೆ ಆಮೇಲೆ ಕೇಳುವ ಹಕ್ಕೇ ಇರುವುದಿಲ್ಲ. ನಿದ್ದೆ ಹೊಡೆದವನಿಗೆ ಕೋರ್ಟು ನೆರವಾಗುವುದಿಲ್ಲ ಅನ್ನುವುದು ಹಳೆಯ ಮಾತು. ಲೇಖಕರ ಪ್ರಶ್ನೆ ಬೇರೆ: ನಿದ್ದೆ ಹೊಡೆಯದೆ, ನಿಜವಾಗಿಯೂ ನೆನಪೇ ಕೈಕೊಟ್ಟವನ ಗತಿ ಏನು? ಅವನ ಮನೆ, ಹೊಲ, ಮಾತು, ಸಂಬಂಧ ಯಾರದಾಗುತ್ತವೆ? ‘ಮರೆಯುವುದೆಂದರೆ ಬಿಟ್ಟುಕೊಡುವುದಲ್ಲ’ ಅಂತ ಒಂದು ವಾಕ್ಯವಿತ್ತು. ಅದನ್ನೋದಿ ನಾನು ಮೂರು ಕಾಲಿನ ಕುರ್ಚಿಯಲ್ಲಿ ಮೈಮರೆತು ಒರಗಿ ಬೀಳುವುದರಲ್ಲಿದ್ದೆ.

ಮುಂದಿನ ಹಾಳೆಯಲ್ಲಿ ದರ್ಜಿ ಬಂದ. ಒಬ್ಬ ದರ್ಜಿ ತನ್ನ ಹೊಲಿಗೆ ಯಂತ್ರವನ್ನು ನಾದಿನಿಯ ಮನೆಯಲ್ಲಿಟ್ಟು ಮರೆತ ಕಥೆ. ನಮ್ಮ ಮೊದಲ ವರ್ಷವೇ ಮೇಷ್ಟ್ರ ಕೊನೆಯ ವರ್ಷ. ಆ ವರ್ಷವಿಡೀ ಯಾವ ಪಾಠ ಮಾಡಿದರೂ ಅವರ ಬಾಯಲ್ಲಿ ಆ ಹೊಲಿಗೆ ಯಂತ್ರ ಬಂದೇ ಬರುತ್ತಿತ್ತು. ಬರೆದವರು ಯಾರು ಅಂತ ತಿಳಿಯಲು ಬೀರುವಿನ ಬೀಗದ ಕೈ ಬೇಕಾಗಲಿಲ್ಲ.

ನಾಲ್ಕು ಹಾಳೆ ದಾಟಿದರೆ ದರ್ಜಿ ಮತ್ತೆ ಬಂದ, ಹೊಸಬನ ಹಾಗೆ. ಆಮೇಲೆ ಇನ್ನೊಮ್ಮೆ. ಒಂದು ತೀರ್ಪಿನಲ್ಲಿ ಗೆದ್ದವನನ್ನು ಸೋತವನೆಂದು ಬರೆದಿತ್ತು. ಕಡೆಗೆ ತೀರ್ಮಾನ ಇರಬೇಕಾದ ಕಡೆ ಪೀಠಿಕೆಯೇ ಮತ್ತೆ ಶುರುವಾಗಿ ಅರ್ಧಕ್ಕೆ ನಿಂತಿತ್ತು. ಓದಿ ಮುಗಿಸಿ ನಾನು ಅತ್ತೆ. ಲೈಬ್ರರಿಯಲ್ಲಿ ಅಳುವವರು ಪರೀಕ್ಷೆಗೆ ಹೆದರಿದವರು ಅಂತ ಎಲ್ಲರಿಗೂ ಗೊತ್ತು, ಹಾಗಾಗಿ ಯಾರೂ ಏನೂ ಕೇಳಲಿಲ್ಲ.

ಲೇಖನದ ಇನ್ನೊಬ್ಬ ಓದುಗ ನಮ್ಮ ಅಡಿಟಿಪ್ಪಣಿ. ನನಗಿಂತ ಒಂದು ವರ್ಷ ಚಿಕ್ಕವನು, ಮೇಷ್ಟ್ರ ಪಾಠ ಕೇಳಿದವನಲ್ಲ. ಹಾಳೆಯ ಕೆಳಗಿನ ಪ್ರತಿ ಟಿಪ್ಪಣಿಯನ್ನೂ ಮೂಲ ಪುಸ್ತಕ ತೆಗೆದು ನೋಡದೆ ಬಿಡುವವನಲ್ಲ, ಅದಕ್ಕೇ ಆ ಹೆಸರು. ಅವನಮ್ಮ ಅಡುಗೆಗೆ ಉಪ್ಪು ಹಾಕಿದ್ದೇನೆ ಅಂದರೂ ಆಧಾರ ಕೇಳುತ್ತಾನೆ ಅಂತ ನಾವು ಗೇಲಿ ಮಾಡುತ್ತೇವೆ.

“ಅಕ್ಕಾ, ಒಂದೇ ಹೊಲಿಗೆ ಯಂತ್ರ ಮೂರು ಸಲ ಬಂತು, ಒಂದು ಗುಂಡಿನಾದ್ರೂ ಹೊಲೀತಾ?” ಅಂದ. “ಯಾರೋ ಅಲ್ಲಿಂದಿಲ್ಲಿಂದ ಅಂಟಿಸಿ ನಮ್ಮನ್ನ ಕುರಿ ಮಾಡಿದ್ದಾರೆ. ನಂದು ಊಹೂಂ.”

“ನಂದು ಹೂಂ,” ಅಂದೆ.

ಅವನು ಕನ್ನಡಕ ತೆಗೆದು ನನ್ನನ್ನೇ ನೋಡಿದ. “ಹುಷಾರಾಗಿದ್ದೀಯಾ?”

“ತಿದ್ದಬಹುದು ಕಣೋ. ಒಳಗೆ ಒಂದು ಒಳ್ಳೆ ಮಾತಿದೆ.”

“ಒಂದು ಮಾತಿಗೋಸ್ಕರ ನಲವತ್ತು ಹಾಳೆ ಅಚ್ಚು ಹಾಕೋಣವಾ? ಸರಿ, ನಾನೊಂದು, ನೀನೊಂದು. ಹಾಗಾದ್ರೆ ಮೇಷ್ಟ್ರಿಗೆ ಹೋಗಲಿ.”

ಹೂಂ ಅನ್ನುವ ಆತುರದಲ್ಲಿ ಈ ಕಟ್ಟುಪಾಡೇ ತಲೆಯಿಂದ ಹಾರಿಹೋಗಿತ್ತು. “ಮೇಷ್ಟ್ರು ಬೇಡ, ಬೇರೆ ಯಾರಾದ್ರೂ...” ಅಂದೆ.

“ಯಾಕೆ?”

ಯಾಕೆ ಅಂತ ಹೇಳಲು ನನ್ನಲ್ಲಿ ಎರಡು ಕಾರಣಗಳಿದ್ದವು, ಎರಡನ್ನೂ ಹೇಳುವ ಹಾಗಿರಲಿಲ್ಲ. ಒಂದಕ್ಕೆ ಅಮ್ಮನಿಗೆ ಕೊಟ್ಟ ಮಾತು ಅಡ್ಡ, ಇನ್ನೊಂದಕ್ಕೆ ಬೀರುವಿನ ಬೀಗ ಅಡ್ಡ. ಉಗುಳಲಾರದ, ನುಂಗಲಾರದ ಬಿಸಿತುಪ್ಪ. “ನಾನೇ ತಗೊಂಡು ಹೋಗ್ತೀನಿ ಬಿಡು,” ಅಂದೆ.

ದಾರಿಯುದ್ದಕ್ಕೂ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮೊದಲ ಹಾಳೆ ನೋಡುತ್ತಲೇ ಮೇಷ್ಟ್ರು ಗೊಳ್ಳನೆ ನಗುತ್ತಾರೆ. ‘ಇದು ನಂದೇ ಕಣ್ರೇ, ನನ್ನ ಲೇಖನಕ್ಕೆ ನನ್ನನ್ನೇ ಕೂರಿಸ್ತೀರಾ’ ಅಂತ ಬೈಯುತ್ತಾರೆ. ಆಗ ಕಟ್ಟುಪಾಡು ಮುರಿದದ್ದು ನಾನಲ್ಲ, ಅವರೇ ಅಂತಾಗುತ್ತದೆ. ಆಮೇಲೆ ಅಮ್ಮನೂ ಸೇರಿ ಮೂವರೂ ಕೂತು ತಿದ್ದಬಹುದು. ಹೊಲಿಗೆ ಯಂತ್ರ ಒಂದೇ ಉಳಿಸಿದರಾಯಿತು. ಸಂಚಿಕೆ ಹೊತ್ತಿಗೆ ಸರಿಯಾಗಿ ಬರುತ್ತದೆ, ಅವರು ತಮ್ಮ ಹೆಸರನ್ನು ನೋಡಿಕೊಳ್ಳುತ್ತಾರೆ.

ಮೆಟ್ಟಿಲು ಹತ್ತಿ ಗಂಟೆ ಒತ್ತಿದಾಗ ಅಮ್ಮ ಬಾಗಿಲು ತೆಗೆದರು. ಮುಂಬಾಗಿಲಿಗೆ ಒಳಗಡೆಯಿಂದ ಹೊಸದೊಂದು ಚಿಲಕ ಬಂದಿತ್ತು, ಮೇಷ್ಟ್ರ ಕೈಗೆ ಸುಲಭವಾಗಿ ಎಟುಕದಷ್ಟು ಮೇಲೆ. ಮೇಷ್ಟ್ರು ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಇಸ್ತ್ರಿ ಮಾಡಿದ ಶರ್ಟು, ಜೇಬಿನಲ್ಲಿ ಎಂದಿನ ಕೆಂಪು ಪೆನ್ಸಿಲು.

“ಬಾರಮ್ಮ ಸಂಪಾದಕಿ!” ಅಂದರು. ನನ್ನ ಜೀವ ಹೂವಾಯಿತು. “ಜಗಳ ತಂದಿದ್ದೀಯಾ? ಯಾರು ಹೂಂ, ಯಾರು ಊಹೂಂ ಅಂತ ಹೇಳ್ಬೇಡ ಮತ್ತೆ. ಕೊಡಿಲ್ಲಿ.”

ಕಾಫಿ ತಂದ ಅಮ್ಮನ ಕಣ್ಣು ಮೊದಲ ಹಾಳೆಯ ಮೇಲೆ ಬಿತ್ತು. ತಾವೇ ಟೈಪ್ ಮಾಡಿದ ಹಾಳೆ. ಲೋಟ ಕೆಳಗಿಟ್ಟು ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ಗಂಡನ ಕುರ್ಚಿಯ ಹಿಂದೆ ಹೋಗಿ ನಿಂತರು.

ಮೇಷ್ಟ್ರು ಬೆರಳಿಟ್ಟು ಸಾಲು ಸಾಲಾಗಿ ಓದಿದರು. ಕಾಫಿ ಆರಿ ಕೆನೆಗಟ್ಟಿತು. ‘ಮರೆಯುವುದೆಂದರೆ ಬಿಟ್ಟುಕೊಡುವುದಲ್ಲ’ ಅನ್ನುವಲ್ಲಿ ಬೆರಳು ನಿಂತಿತು. “ಭಲೇ!” ಅಂದು ಅದರ ಕೆಳಗೆ ಗೆರೆ ಎಳೆದರು. ಹಾಳೆ ತಿರುಗಿಸಿದರು. ಇದ್ದಕ್ಕಿದ್ದ ಹಾಗೆ ಮುಖವೆಲ್ಲ ಅರಳಿತು.

“ಅರೆ! ಈ ಹೊಲಿಗೆ ಯಂತ್ರ ನಂದು ಕಣಮ್ಮ!”

ಅಮ್ಮ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡರು. ನಾನು “ಹೌದು ಸರ್,” ಅಂದೆ.

“ನನ್ನ ಕ್ಲಾಸಲ್ಲಿ ಕೂತ ಹುಡುಗ ಯಾರೋ. ಮೇಷ್ಟ್ರು ಹೇಳಿದ್ದನ್ನ ಮರೀದೆ ಇಟ್ಕೊಂಡಿದ್ದಾನೆ, ಪಾಪ.” ನಗುತ್ತಲೇ ಮುಂದಕ್ಕೆ ಓದಿದರು.

ಎರಡನೆಯ ದರ್ಜಿ ಬಂದಾಗ ನಗು ಹೋಯಿತು. ಮೂರನೆಯವನು ಬಂದಾಗ ಹುಬ್ಬು ಗಂಟಿಕ್ಕಿತು. ಹಿಂದಿನ ಹಾಳೆಗಳನ್ನು ತಿರುವಿ ನೋಡಿದರು. ಇವನು ಸೋತಿಲ್ಲ, ಗೆದ್ದಿದ್ದಾನೆ ಅಂತ ತೀರ್ಪಿನ ಪಕ್ಕ ಕೆಂಪಿನಲ್ಲಿ ಬರೆದರು. ಅದು ಸರಿಯಾಗಿಯೇ ನೆನಪಿತ್ತು ಅವರಿಗೆ. ಕೊನೆಯ ಹಾಳೆ ಮುಗಿಸಿ ಕಟ್ಟನ್ನು ಮಡಿಲಲ್ಲಿಟ್ಟುಕೊಂಡರು.

“ಆಗಲ್ಲಮ್ಮ,” ಅಂದರು.

ಅಮ್ಮ ಮೆಲ್ಲಗೆ ಅಂದರು, “ಒಂದ್ಸಲ ಅಚ್ಚಾಗ್ಲಿ ಬಿಡೀಂದ್ರೆ. ಬರೆದೋರು ಎಷ್ಟು ಆಸೆ ಇಟ್ಕೊಂಡಿರ್ತಾರೋ.”

“ನಿಂಗೊತ್ತಿಲ್ಲ ಸುಮ್ನಿರೇ. ಮುಖ ನೋಡಿ ಮಣೆ ಹಾಕೋ ಹಾಗಿಲ್ಲ ನಾವು.” ನನ್ನ ಕಡೆ ತಿರುಗಿದರು. “ಆದ್ರೆ ಪತ್ರ ಬರೀವಾಗ ಒರಟಾಗಿ ಬರೀಬೇಡ. ಈ ಒಂದು ವಾಕ್ಯ ಚಿನ್ನ. ಇದೊಂದನ್ನ ಇಟ್ಕೊಂಡು ಮಿಕ್ಕಿದ್ದೆಲ್ಲ ಮೊದಲಿಂದ ಬರೀಲಿ. ಆತುರ ಬಿದ್ದಿದ್ದಾನೆ. ಹುಡುಗ ಇನ್ನೂ ಚಿಕ್ಕೋನಿರಬೇಕು, ಬೇಕಾದಷ್ಟು ಟೈಮಿದೆ ಅಂತ ಹೇಳು.”

ಹಾಳೆಯ ಮೇಲೆ ‘ಬೇಡ’ ಅಂತ ಬರೆದು ಸಹಿ ಹಾಕಿದರು. ಸಹಿ ನಡುಗಲಿಲ್ಲ. ಆಮೇಲೆ ಗುಟ್ಟು ಕೇಳುವವರ ಹಾಗೆ ಮುಂದಕ್ಕೆ ಬಾಗಿದರು.

“ಯಾರಮ್ಮ ಬರೆದಿದ್ದು?”

ಈಗ ಹೇಳಿಬಿಡಬಹುದಿತ್ತು. ನಾನು ಅಮ್ಮನನ್ನು ನೋಡಿದೆ. ಅವರು ಬೇಡವೆಂದು ತಲೆಯಾಡಿಸಿದರು.

“ಹೇಳೋ ಹಾಗಿಲ್ಲ ಸರ್. ನಿಮ್ಮದೇ ರೂಲು.”

“ಶಭಾಷ್!” ಅಂತ ತೊಡೆ ತಟ್ಟಿ ನಕ್ಕರು. ಅಷ್ಟು ಸಂತೋಷವಾಗಿ ಅವರು ನಕ್ಕಿದ್ದನ್ನು ನಾನು ಕ್ಲಾಸಿನಲ್ಲೂ ಕಂಡಿರಲಿಲ್ಲ. ನನಗಾದ ಸಂಕಟವನ್ನು ಹೇಗೆ ಹೇಳಲಿ? ಕಟ್ಟನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ.

ಅಮ್ಮ ಬಾಗಿಲಾಚೆ ಮೆಟ್ಟಿಲವರೆಗೂ ಬಂದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

“ತಪ್ಪಾಯ್ತಮ್ಮ,” ಅಂದೆ. “ನಾನು ಹೂಂ ಅನ್ನದೇ ಇದ್ದಿದ್ರೆ ಇದು ಇಲ್ಲಿಗೆ ಬರ್ತಾನೇ ಇರ್ಲಿಲ್ಲ.”

“ನೀನು ಪ್ರೀತಿಗೆ ಹೂಂ ಅಂದೆ, ಅವರು ನಿಯತ್ತಿಗೆ ಊಹೂಂ ಅಂದ್ರು. ಯಾರನ್ನ ಬೈಲಿ ನಾನು?” ಸೆರಗಿನಲ್ಲಿ ಕಣ್ಣೊರೆಸಿಕೊಂಡರು. “ಆ ಪತ್ರ ಮಾತ್ರ ಕಳಿಸ್ಬೇಡ ಕಣಮ್ಮ. ದಿನಾ ಬೆಳಗಾದ್ರೆ...”

ಮಾತು ಮುಗಿಯುವ ಮೊದಲೇ ಒಳಗಿನಿಂದ ಮೇಷ್ಟ್ರ ದನಿ ಬಂತು. ನನ್ನನ್ನು ಸಂಪಾದಕಿ ಅಂತ ಕರೆದ ಆ ಗತ್ತಿನ ದನಿಯಲ್ಲ. ಪರೀಕ್ಷೆಯ ಫಲಿತಾಂಶ ಕೇಳುವ ಮಗುವಿನ ದನಿ.

“ಯಾರೇ ಬಾಗಿಲಲ್ಲಿ? ಪತ್ರಿಕೆಯವರಾ? ನನ್ನ ಲೇಖನ ಏನಾಯ್ತಂತೆ?”

ಅಮ್ಮ ನನ್ನ ಚೀಲದ ಮೇಲೆ ಕೈಯಿಟ್ಟರು. ಕೈ ತೆಗೆಯದೆ, ಒಳಗೆ ಕೇಳುವ ಹಾಗೆ ಕೂಗಿ ಹೇಳಿದರು.

“ಇನ್ನೂ ಓದ್ತಾ ಇದ್ದಾರಂತೆ ಕಣ್ರೀ.”

“ಓದ್ಲಿ, ಓದ್ಲಿ,” ಅಂದರು ಮೇಷ್ಟ್ರು. “ನಿಧಾನವಾಗಿ ಓದ್ಲಿ. ನನ್ನ ಹೆಸರು ಮಾತ್ರ ಹೇಳ್ಬೇಡ ಅವರಿಗೆ.”