ಕೈಗುಣ

ನನ್ನ ಗಂಡ ಅರಿವಳಿಕೆ ವೈದ್ಯರು. ಅಪ್ಪನಿಗೆ ಈ ಅಳಿಯನ ಕೈಗುಣದ ಮೇಲೆ ಎಲ್ಲಿಲ್ಲದ ನಂಬಿಕೆ. ಪಿತ್ತಕೋಶದ ಕಲ್ಲು ತೆಗೆಸಬೇಕಾಗಿ ಬಂದಾಗ, ಕೊಯ್ಯುವವರು ಯಾರಾದರೂ ಆಗಲಿ, ಪ್ರಜ್ಞೆ ತಪ್ಪಿಸುವವರು ಮಾತ್ರ ಅಳಿಯಂದಿರೇ ಆಗಬೇಕೆಂದು ಹಟ ಹಿಡಿದರು. ಸ್ವಂತದವರಿಗೆ ತಾವೇ ಅರಿವಳಿಕೆ ಕೊಡುವುದು ಬೇಡ ಎಂದು ಇವರು ಹೇಳಿ ನೋಡಿದರು. ಅಪ್ಪ ಬಸ್ಸು ಓಡಿಸಿ ನಿವೃತ್ತರಾದವರು. ಬಸ್ಸಿಗೇ ರಿವರ್ಸ್ ಗೇರ್ ಹಾಕಲು ಒಪ್ಪದವರು ಮಾತಿಗೆ ಹಾಕುತ್ತಾರೆಯೇ?

"ಮಲಗಿಸೋದೇನು ದೊಡ್ಡ ವಿದ್ಯೆ ಅಲ್ಲ ಬಿಡಿ, ನಿಮ್ಮತ್ತೆ ಮಾತು ಶುರು ಮಾಡಿದ್ರೆ ನಾನೇ ಮಲಗಿಬಿಡ್ತೀನಿ. ಎಬ್ಬಿಸೋದು ನೋಡ್ಕೊಳ್ಳಿ," ಎಂದು ಒಳಗೆ ಹೋಗುವ ಮುಂಚೆ ಇವರನ್ನು ರೇಗಿಸಿದರು.

ಇವರು ಎಬ್ಬಿಸಿದರು. ಅಪ್ಪ ಕಣ್ಣು ಬಿಟ್ಟವರೇ ಕಾಫಿ ಕೇಳಿದರು. ಇನ್ನೇನು ಮನೆಗೆ ಹೊರಡಬೇಕು ಎನ್ನುವಾಗ ಚಳಿಜ್ವರ ಹತ್ತಿತು. ಹೊಟ್ಟೆಯ ಗಾಯವೇನೋ ಚೆನ್ನಾಗಿಯೇ ಇತ್ತು. ಸೋಂಕು ರಕ್ತಕ್ಕೆ ಇಳಿದಿದೆ, ಡ್ರಿಪ್ಪಿನ ದಾರಿಯಿಂದ ಹೋಗಿರಬಹುದು ಎಂದರು ಡಾಕ್ಟರು. ಆ ಮಾತಿಗೆ ಇವರ ಮುಖ ಬಿಳಿಚಿಕೊಂಡಿತು.

ಅಪ್ಪನನ್ನು ಐಸಿಯುಗೆ ಸೇರಿಸಿದ ಮೇಲೆ, ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಇವರು ನನಗೆ ಹೇಳಿದರು. ಆಪರೇಷನ್ ದಿನ ಗಂಟಲಿಗೆ ನಳಿಕೆ ಇಳಿಸಿದ ಕೂಡಲೇ ಅಪ್ಪನ ಬಿಪಿ ಕುಸಿಯಿತಂತೆ. ಆ ಗಾಬರಿಯಲ್ಲಿ, ಬಾಯೊಳಗೆ ಆಡಿಸಿದ ಅದೇ ಗ್ಲೌಸಿನ ಕೈಯಲ್ಲೇ ಡ್ರಿಪ್ಪಿನ ಮುಚ್ಚಳ ತೆಗೆದು ಔಷಧಿ ಬಿಟ್ಟರಂತೆ.

"ಗ್ಲೌಸ್ ಇತ್ತಲ್ಲ. ಕೈ ಕೊಳೆ ಅಂತ ಅನ್ನಿಸ್ಲೇ ಇಲ್ಲ."

ನನಗೆ ಮೈಯೆಲ್ಲ ಉರಿಯಿತು. ಕೈ ತೊಳೆಯುವುದರ ಬಗ್ಗೆ ಆಸ್ಪತ್ರೆಯ ಹೊಸಬರಿಗೆ ಪಾಠ ಮಾಡುವವರೇ ಇವರು. ಗ್ಲೌಸ್ ಕಾಯುವುದು ಹಾಕಿಕೊಂಡವರನ್ನು, ರೋಗಿಯನ್ನಲ್ಲ ಎಂದು ಊಟಕ್ಕೆ ಕೂತಾಗ ನನಗೂ ಉರು ಹೊಡೆಸಿದ್ದರು. ಆ ವಿಷಯದ ಪರೀಕ್ಷೆಯಲ್ಲಿ ಇವರಿಗೇ ಪೂರ್ತಿ ಅಂಕ. ಪುಸ್ತಕದ ಬದನೆಕಾಯಿ ಎಂದು ಸುಮ್ಮನೆ ಹೇಳುವುದಿಲ್ಲ. ಆದರೂ ಬಯ್ಯಲು ಬಾಯಿ ಬರಲಿಲ್ಲ. ಆ ಔಷಧಿ ತಕ್ಷಣ ಬೀಳದಿದ್ದರೆ ಅಪ್ಪ ಮೇಜಿನ ಮೇಲೇ ಹೋಗಿಬಿಡುತ್ತಿದ್ದರು ಎಂಬುದೂ ಅಷ್ಟೇ ನಿಜ. ಸೋಂಕು ಬೇರೆ ಯಾರ ಕೈಯಿಂದಲೋ ಬಂದಿರಬಹುದು ಎಂದು ಜೊತೆಯ ಡಾಕ್ಟರುಗಳು ಸಮಾಧಾನ ಹೇಳಿದರು. ಇರಬಹುದು. ಅದು ಯಾರಿಗೂ ಗೊತ್ತಾಗುವಂಥದ್ದಲ್ಲ.

ಅಪ್ಪನಿಗೆ ಎಚ್ಚರವಿದ್ದ ಕೊನೆಯ ಬೆಳಿಗ್ಗೆ, ಎಲ್ಲವನ್ನೂ ಹೇಳಿಬಿಡುತ್ತೇನೆಂದು ಇವರು ಹತ್ತಿರ ಹೋದರು. ಬಾಯಿ ತೆರೆಯುವ ಮೊದಲೇ ಅಪ್ಪ ಇವರ ಕೈ ಎಳೆದು ಎದೆಯ ಮೇಲಿಟ್ಟುಕೊಂಡರು.

"ಈ ಕೈ ಇರೋವರೆಗೂ ನಂಗೇನೂ ಆಗಲ್ಲ ಬಿಡಿ."

ಇವರು ಬಿಕ್ಕಿ ಬಿಕ್ಕಿ ಅತ್ತರು. ತನ್ನ ಜ್ವರಕ್ಕೆ ಹೆದರಿದ್ದಾರೆಂದುಕೊಂಡು ಅಪ್ಪನೇ ಇವರಿಗೆ ಧೈರ್ಯ ಹೇಳಿದರು. ಕಿಟಕಿಯ ಪಕ್ಕ ನಿಂತಿದ್ದ ನನಗೆ ಅದನ್ನು ನೋಡಲಾಗಲಿಲ್ಲ.

ಸಂಜೆಗೆ ಎಲ್ಲ ಮುಗಿಯಿತು. ನರ್ಸು ಅಪ್ಪನ ಮುಖದ ಮೇಲೆ ಬಟ್ಟೆ ಎಳೆದಳು. ಅಮ್ಮನನ್ನು ಕೂರಿಸಿ ಬಂದು ನಾನು ಗೋಡೆಗೆ ಒರಗಿ ನಿಂತಿದ್ದೆ. ಇವರು ಬಂದು ನನ್ನ ಕಣ್ಣೀರು ಒರೆಸಲು ಕೈ ಚಾಚಿದರು. ನಾನು ಬೇಕೆಂದು ಮಾಡಿದ್ದಲ್ಲ, ನನ್ನ ಮುಖ ತಾನಾಗಿ ಹಿಂದೆ ಸರಿಯಿತು.

ಇವರ ಕೈ ಅಲ್ಲೇ ನಿಂತಿತು.

"ತೊಳ್ಕೊಂಡು ಬಂದೆ ಕಣೇ," ಎಂದರು.