ಹಾರಿಸಿದ ಸಾಲು

ಒಂದನೇ ತಾರೀಖು ಬಾರದೇ ಇರಲಿ ಎಂದು ವಾರವಿಡೀ ಬೇಡಿಕೊಂಡೆ. ನನ್ನ ಮಾತು ಯಾರು ಕೇಳುತ್ತಾರೆ, ಬಂದೇಬಿಟ್ಟಿತು. ನಮ್ಮ ಪ್ರಾರ್ಥನೆ ಪುಸ್ತಕದಲ್ಲಿ ಕೀರ್ತನೆಗಳನ್ನು ತಾರೀಖಿಗೆ ತಕ್ಕಂತೆ ಹಂಚಿದ್ದಾರೆ. ಒಂದನೇ ತಾರೀಖು ಬೆಳಗ್ಗೆ ಮೊದಲ ಐದು. ಕಣ್ಣು ಕಾಣದ ಅತ್ತೆ ತಾಮಸಿನ್‌ಗೆ ಓದಿ ಹೇಳುವುದು ನನ್ನ ಪಾಲಿನ ಕೆಲಸ.

ಹೋದ ವಾರದ ಬಿರುಗಾಳಿಗೆ ನಮ್ಮ ದೋಣಿ ಮಗುಚಿತು. ಮೈದುನ ರೂಬೆನ್ ನೀರುಪಾಲಾದ. ನನ್ನ ಗಂಡ ಜೇಬೆಜ್ ಹೇಗೋ ಈಜಿ ದಡ ಸೇರಿದ. ತಮ್ಮನನ್ನು ಬಿಟ್ಟು ಬಂದ ಮುಖವನ್ನು ಅಮ್ಮನಿಗೆ ತೋರಿಸಲಾರೆ ಎಂದು ಬಂದರಿನಲ್ಲಿ ಬಲೆ ಇಡುವ ಕೋಣೆಯಲ್ಲಿ ಅವಿತು ಕೂತ. ಅತ್ತೆಯ ಎದೆ ಆಘಾತ ತಡೆಯದು ಎಂದು ವೈದ್ಯರು ಹೇಳಿದ್ದರು. ಅದಕ್ಕೇ, ಇಬ್ಬರೂ ಹೆರಿಂಗ್ ಮೀನಿನ ಬೆನ್ನು ಹತ್ತಿ ಉತ್ತರಕ್ಕೆ ಹೋಗಿದ್ದಾರೆ ಎಂದುಬಿಟ್ಟೆ. ಅಂದಿನಿಂದ ಕೂತರೆ ನಿಲ್ಲಬೇಕು, ನಿಂತರೆ ಕೂರಬೇಕು ಅನ್ನಿಸುತ್ತಿತ್ತು.

"ಓದೇ ಡಾರ್ಕಸ್. ಆ ಚಹಾ ಪಾತ್ರೆನ ಎಷ್ಟು ಸಲ ಎತ್ತಿ ಇಡ್ತೀಯ?" ಎಂದರು ಅತ್ತೆ.

ನಾಲ್ಕನೆಯ ಕೀರ್ತನೆಯಲ್ಲಿ 'ಲೀಸಿಂಗ್' ಎಂಬ ಹಳೆಯ ಇಂಗ್ಲಿಷ್ ಪದ ಬಂತು. ಹೇಗೋ ಓದಿ ದಾಟಿಸಿದೆ. ಐದನೆಯದರಲ್ಲಿ ಮತ್ತೆ ಅದೇ: ಲೀಸಿಂಗ್ ಆಡುವವರನ್ನು ನೀನು ನಾಶಮಾಡುವೆ. ಆ ಸಾಲು ಹಾರಿಸಿ ಮುಂದಕ್ಕೆ ಓಡಿದೆ.

"ಒಂದು ಸಾಲು ನುಂಗಿದೆ ನೀನು."

"ಕಣ್ಣು ತಪ್ತು ಅತ್ತೆ."

"ಕುರುಡಿ ಹತ್ರ ಬಂದು ಕಣ್ಣಿನ ನೆಪ ಹೇಳ್ತೀಯಲ್ಲೇ! ಆ ಪದದ ಅರ್ಥ ಗೊತ್ತಾ?"

"ಸುಳ್ಳು ಅಂತ. ಈಗ ಯಾರೂ ಬಳಸಲ್ಲ."

"ಸುಳ್ಳೇ. ಆದ್ರೆ ಅದರ ಬೇರು 'ಲೇಯಸ್' ಅಂತೆ, ಹಳೇ ಪಾದ್ರಿಗಳು ಹೇಳೋರು. ಹಂಗಂದ್ರೆ ಬರಿದು, ಏನೂ ಇಲ್ಲದ್ದು. ಒಳಗೆ ಏನೂ ಇಲ್ಲದ ಮಾತು ಬರ್ತಾ ಬರ್ತಾ ಸುಳ್ಳಾಯ್ತು." ಅವರ ಕೈಯಲ್ಲಿ ಹೆಣಿಗೆ ಕಡ್ಡಿಗಳು ನಿಂತವು. "ವಾರದಿಂದ ನಿನ್ನ ಮಾತೂ ಹಂಗೇ ಇದೆ. ಬೇರೆ ಸಲ ಗಂಡ ಉತ್ತರಕ್ಕೆ ಹೋದ್ರೆ ದಿನಾ ಬೈಕೊಂಡು ಓಡಾಡ್ತಿದ್ದೆ. ಈ ಸಲ ಒಂದು ಬೈಗುಳನೂ ಇಲ್ಲ."

ನಾನು ಪುಸ್ತಕ ಮುಚ್ಚಿದೆ.

"ಇಬ್ರೂ ಮುಳುಗಿದ್ರಾ?" ಎಂದರು ಅತ್ತೆ.

"ಇಲ್ಲ ಅತ್ತೆ. ರೂಬೆನ್ ಒಬ್ನೇ."

ಅವರು ಎದೆ ಹಿಡಿದು ಬಾಗಿದರು. ಕೊಂದೇಬಿಟ್ಟೆನಲ್ಲ ಎಂದು ಓಡಿಹೋಗಿ ಹಿಡಿದುಕೊಂಡೆ. ಬಹಳ ಹೊತ್ತು ಸದ್ದಿಲ್ಲದೆ ಅತ್ತರು.

"ದೊಡ್ಡೋನು ಎಲ್ಲಿ?"

"ಬಂದರಲ್ಲಿ. ನಿಮ್ಮ ಮುಂದೆ ಬರೋಕೆ ಅವ್ರಿಗೆ ಹೆದರಿಕೆ."

"ಒಬ್ಬನ್ನ ಸಮುದ್ರ ಕಿತ್ಕೊಂಡಿತು. ಇನ್ನೊಬ್ಬನ್ನ ನೀವಿಬ್ರೂ ಸೇರಿ ಬಚ್ಚಿಟ್ರಾ?" ಎಂದರು ಅತ್ತೆ. "ಹೋಗೇ, ನನ್ನ ಮಗನ್ನ ಕರ್ಕೊಂಡು ಬಾ."